ಮನೆಮಾತು, ಶಾಲೆಮಾತು ಮತ್ತು ಮಗುವಿನ ತಳಮಳ: ಮಂಗೋರ್ ಹಿಲ್‌ನ ಸಂದರ್ಭ

2020ರ ಜೂನ್ ತಿಂಗಳ ಆರಂಭದಲ್ಲಿ ವಾಸ್ಕೊ ಪಟ್ಟಣದ ಮಂಗೋರ್ ಹಿಲ್ ಬಡಾವಣೆಯನ್ನು ಕೋವಿಡ್ ನಿರ್ಬಂಧಿತ ವಲಯವೆಂದು ಘೋಷಿಸಲಾಯಿತು; ಗೋವೆಯಲ್ಲಿ ಅಂಥದು ಅದೇ ಮೊದಲು. ಕೆಲವೇ ದಿನಗಳಲ್ಲಿ ಬಡಾವಣೆಯ ಹೆಸರು ಪತ್ರಿಕೆಗಳಲ್ಲಿ ರೋಗದ ಹೆಸರಿನೊಡನೆ ಬೆಸೆದುಕೊಂಡಿತು. ವಿಳಾಸವೇ ಕಳಂಕವಾಗುವಂಥ ಹೊತ್ತಿನಲ್ಲಿ ಮಗು ತನ್ನ ಅಂಜಿಕೆಯನ್ನು ಯಾರೊಡನೆ, ಯಾವ ನುಡಿಯಲ್ಲಿ ಹೇಳಿಕೊಳ್ಳಬೇಕು? ಈ ಪ್ರಶ್ನೆ ಮನೋವೈದ್ಯರದಷ್ಟೇ ಅಲ್ಲ, ಭಾಷಾಧ್ಯಯನದ್ದೂ ಹೌದು.

ದುಡಿಮೆಗೆಂದು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳು ವಾಸ್ಕೊ ಪರಿಸರದಲ್ಲಿ ಬಹಳ. ಇಂಥ ಮನೆಯ ಮಗು ತಾಯಿಯೊಡನೆ ಕನ್ನಡ, ಓಣಿಯಲ್ಲಿ ಕೊಂಕಣಿ–ಹಿಂದಿ, ತರಗತಿಯಲ್ಲಿ ಇಂಗ್ಲಿಷ್ ಅಥವಾ ಮರಾಠಿ ಬಳಸಬೇಕಾಗುತ್ತದೆ. ಬಹುಭಾಷಿಕತೆ ಸ್ವತಃ ಮನಸ್ಸಿಗೆ ಹೊರೆಯಲ್ಲ. ಹಾಗೆ ಭಾವಿಸಿ ಮನೆಮಾತನ್ನು ಬಿಡಿಸುವ ಸಲಹೆ ಅನರ್ಥಕಾರಿ. ತೊಡಕು ಬೇರೆಡೆ ಇದೆ. ಭಾವನೆಯ ಪದಗಳನ್ನು ಮಗು ಮೊದಲು ಕಲಿಯುವುದು ಮನೆಯಲ್ಲಿ. ‘ಜೀವಕ್ಕ ಸಮಾಧಾನ ಇಲ್ಲ’, ‘ಎದಿ ಡವಡವ ಅಂತೈತಿ’ ಎಂಬುದಕ್ಕೆ ಸಮನಾದ ಮಾತು ಅದಕ್ಕೆ ಪಠ್ಯದ ಭಾಷೆಯಲ್ಲಿ ಸಿಕ್ಕುವುದಿಲ್ಲ. ಆಗ ಸಂಕಟವು ಹೊಟ್ಟೆನೋವಾಗಿ, ಗೈರುಹಾಜರಿಯಾಗಿ, ಇಲ್ಲವೇ ಬರಿಯ ಮೌನವಾಗಿ ತೋರುತ್ತದೆ. ಗಲಾಟೆ ಮಾಡುವ ಮಗುವಾದರೂ ಶಿಕ್ಷಕರ ಕಣ್ಣಿಗೆ ಬೀಳುತ್ತದೆ. ಮೌನವನ್ನು ಭಾಷೆಯ ಕೊರತೆಯೆಂದೋ ದಡ್ಡತನವೆಂದೋ ತಿಳಿದು ಸುಮ್ಮನಾಗುವುದುಂಟು.

ಇನ್ನೂ ಸೂಕ್ಷ್ಮವಾದ ಸಂಗತಿ, ಮಗುವೇ ಹೆತ್ತವರ ದುಭಾಷಿಯಾಗುವುದು. ತನ್ನ ಮೇಲಿನ ದೂರನ್ನು ತಾನೇ ತಂದೆಗೆ ಅನುವಾದಿಸಬೇಕಾದ ಮಗು ಎಷ್ಟು ನಿಜ ಹೇಳೀತು? ಈ ಹೊಣೆಯನ್ನು ಕನ್ನಡ ಬಲ್ಲ ಸಿಬ್ಬಂದಿಗೋ ಮತ್ತೊಬ್ಬ ಪಾಲಕರಿಗೋ ವಹಿಸುವುದು ಹೆಚ್ಚು ಖರ್ಚಿನ ಸುಧಾರಣೆಯೇನಲ್ಲ.

ಶಾಲೆಯಲ್ಲಿ ಆಲಿಸುವವರು ಯಾರಿರಬೇಕು? ಗೋವೆಯಲ್ಲೇ 1996ರಲ್ಲಿ ಹುಟ್ಟಿದ ಸಂಗಾತ್ ಸಂಸ್ಥೆಯ ಸಂಶೋಧಕರು ಬಿಹಾರದ ನಳಂದ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ‘ಸೇಹರ್’ ಎಂಬ ಪ್ರಯೋಗ ನಡೆಸಿದರು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ವೈದ್ಯರಲ್ಲದ, ಆದರೆ ತರಬೇತಿ ಹೊಂದಿದ ಆಪ್ತಸಮಾಲೋಚಕರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿ, ಖಿನ್ನತೆಯೂ ಮಕ್ಕಳ ನಡುವಿನ ಪೀಡನೆಯೂ ತಗ್ಗಿದವು. ಅದೇ ಕೆಲಸವನ್ನು ಶಿಕ್ಷಕರಿಗೆ ಒಪ್ಪಿಸಿದ ಕಡೆ ಅಂಥ ಫಲ ಕಾಣಲಿಲ್ಲ. ಬಡಾವಣೆಯ ಕನ್ನಡತಿಯೊಬ್ಬಳು ತರಬೇತಿ ಪಡೆದು ಶಾಲೆಗೆ ಬರುವುದು ಹಾಗಾದರೆ ದೂರದ ಮಾತಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸರಳ: ದಿನಕ್ಕೊಮ್ಮೆ, ಅಂಕಗಳ ವಿಚಾರವೆತ್ತದೆ, ಮನೆಮಾತಿನಲ್ಲೇ ಮಾತಾಡಿಸುವುದು. ನಿದ್ರೆ, ಊಟ, ಆಟಗಳಲ್ಲಿನ ಬದಲಾವಣೆ ಎರಡು ವಾರ ಮೀರಿದರೆ ತಜ್ಞರ ನೆರವು ಬೇಕು. ಸಾಯುವ ಮಾತು ಬಂದರೆ ಅಂದೇ ಬೇಕು. ಬಾಂಬೋಳಿಯಲ್ಲಿ ಸರಕಾರಿ ಮನೋವೈದ್ಯಕೀಯ ಸಂಸ್ಥೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ–ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಅಲ್ಲಿ ಆಯ್ದುಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಒಂದು.