204 ಕೋಟಿ ಡಾಲರ್ ಹುಟ್ಟಿದ ಬಗೆ

2022ರ ನವೆಂಬರ್ 8ರ ಬೆಳಿಗ್ಗೆ ಅಮೆರಿಕದ ಪವರ್‌ಬಾಲ್ ಲಾಟರಿಯ ಚೆಂಡುಗಳು ಉರುಳಿದವು. ಕ್ಯಾಲಿಫೋರ್ನಿಯಾದ ಅಲ್ಟಡೀನಾ ಎಂಬ ಊರಿನ ಪೆಟ್ರೋಲ್ ಬಂಕ್‌ನಲ್ಲಿ ಮಾರಾಟವಾಗಿದ್ದ ಎರಡು ಡಾಲರಿನ ಟಿಕೆಟ್‌ಗೆ 204 ಕೋಟಿ ಡಾಲರ್ ಬಂತು. ಲಾಟರಿ ಇತಿಹಾಸದಲ್ಲೇ ಇದಕ್ಕಿಂತ ದೊಡ್ಡ ಜಾಕ್‌ಪಾಟ್ ಇಲ್ಲ ಎಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಆದರೆ ಆ ದಿನ ಬಹುಮಾನಕ್ಕೆಂದು ಕೂಡಿಟ್ಟಿದ್ದ ಹಣ 99.76 ಕೋಟಿ ಡಾಲರ್ ಮಾತ್ರ. ಉಳಿದದ್ದು ಮುಂದಿನ 29 ವರ್ಷಗಳಲ್ಲಿ ಹುಟ್ಟಬೇಕಿದ್ದ ಬಡ್ಡಿ.

ಲಾಟರಿಯ ಮೊತ್ತ ಈ ಮಟ್ಟಕ್ಕೆ ಬೆಳೆದದ್ದು ಒಂದೇ ದಿನದಲ್ಲಲ್ಲ. ಅಮೆರಿಕದಲ್ಲಿ ಆಧುನಿಕ ಕಾಲದ ಮೊದಲ ಸರ್ಕಾರಿ ಲಾಟರಿ ಶುರುವಾದದ್ದು 1964ರಲ್ಲಿ, ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದಲ್ಲಿ. ಜನರ ಸಂಬಳದ ಮೇಲೂ ತೆರಿಗೆ ಇಲ್ಲದ, ಮಾರಾಟ ತೆರಿಗೆಯೂ ಇಲ್ಲದ ಆ ರಾಜ್ಯಕ್ಕೆ ಶಾಲೆಗಳನ್ನು ನಡೆಸಲು ಹಣ ಬೇಕಿತ್ತು. ಟಿಕೆಟ್‌ಗೆ ಮೂರು ಡಾಲರ್, ಕುದುರೆ ಓಟದ ಫಲಿತಾಂಶದ ಜೊತೆ ಹೆಣೆದ ಬಹುಮಾನ, ಅತಿ ದೊಡ್ಡದೆಂದರೆ ಒಂದು ಲಕ್ಷ ಡಾಲರ್. ಆಮೇಲೆ ಒಂದೊಂದೇ ರಾಜ್ಯ ಹಿಂಬಾಲಿಸಿತು. ಸಣ್ಣ ರಾಜ್ಯಗಳಿಗೆ ಒಂಟಿಯಾಗಿ ದೊಡ್ಡ ಬಹುಮಾನ ಕೂಡಿಸಲು ಆಗಲಿಲ್ಲವಾದ್ದರಿಂದ ಅವು ಕೈಜೋಡಿಸಿದವು. 1992ರಲ್ಲಿ ಪವರ್‌ಬಾಲ್ ಬಂದದ್ದು ಹಾಗೆ.

ಆಗ ಜಾಕ್‌ಪಾಟ್ ಹೊಡೆಯುವ ಸಾಧ್ಯತೆ ಸುಮಾರು 5.5 ಕೋಟಿಯಲ್ಲಿ ಒಂದು. ಚೆಂಡುಗಳ ಸಂಖ್ಯೆಯನ್ನು ಮತ್ತೆ ಮತ್ತೆ ಬದಲಿಸಿ, 2015ರ ಅಕ್ಟೋಬರ್ ಹೊತ್ತಿಗೆ ಅದನ್ನು 29.2 ಕೋಟಿಯಲ್ಲಿ ಒಂದಕ್ಕೆ ತಂದು ನಿಲ್ಲಿಸಲಾಯಿತು. ಗೆಲ್ಲುವುದು ಕಷ್ಟವಾದಷ್ಟೂ ಯಾರಿಗೂ ಸಿಗದ ಹಣ ಮುಂದಿನ ಡ್ರಾಗೆ ಉರುಳುತ್ತದೆ, ಮೊತ್ತ ಉಬ್ಬುತ್ತದೆ, ಟಿಕೆಟ್‌ಗೆ ಸಾಲು ಬೆಳೆಯುತ್ತದೆ. ಬದಲಾವಣೆಯಾದ ಮೂರೇ ತಿಂಗಳಿಗೆ, 2016ರ ಜನವರಿ 13ರಂದು, ಜಾಕ್‌ಪಾಟ್ 158.6 ಕೋಟಿ ಡಾಲರ್ ಮುಟ್ಟಿತು. ಅದು ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೆನೆಸೀಯ ಮೂರು ಟಿಕೆಟ್‌ಗಳ ನಡುವೆ ಹಂಚಿಹೋಯಿತು.

ಈ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 158.6 ಕೋಟಿಗೂ 204 ಕೋಟಿಗೂ ಅಂತರ ದೊಡ್ಡದು. ಆದರೆ ಒಂದೇ ಕಂತಿನಲ್ಲಿ ಕೊಡುವ ನಗದಿನ ಲೆಕ್ಕದಲ್ಲಿ 2016ರದ್ದು 98.35 ಕೋಟಿ, 2022ರದ್ದು 99.76 ಕೋಟಿ. ಹೆಚ್ಚುಕಡಿಮೆ ಅಷ್ಟೇ! ನಡುವಿನ ಆರು ವರ್ಷಗಳಲ್ಲಿ ಬದಲಾದದ್ದು ಬಡ್ಡಿದರ. ಪವರ್‌ಬಾಲ್ ಫಲಕದಲ್ಲಿ ತೋರಿಸುವ ಮೊತ್ತವೆಂದರೆ ಕೂಡಿಟ್ಟ ಹಣದಿಂದ ಸರ್ಕಾರಿ ಸಾಲಪತ್ರ ಕೊಂಡರೆ ಬರುವ 30 ಕಂತುಗಳ ಒಟ್ಟು ಮೊತ್ತ. 2016ರಲ್ಲಿ ಅಮೆರಿಕದ 30 ವರ್ಷಗಳ ಸಾಲಪತ್ರದ ಬಡ್ಡಿ ಶೇ 3ರ ಒಳಗಿತ್ತು, 2022ರಲ್ಲಿ ಶೇ 4 ದಾಟಿತ್ತು. ಅಷ್ಟೇ ಹಣ ಹೆಚ್ಚು ಬಡ್ಡಿ ಹುಟ್ಟಿಸಿ ಹೊಸ ದಾಖಲೆಯಾಯಿತು. ಬೆಲೆ ಏರಿಕೆಯನ್ನೂ ಸೇರಿಸಿಕೊಂಡರೆ 2016ರ 98 ಕೋಟಿ ಡಾಲರ್, 2022ರ 123 ಕೋಟಿಗೆ ಸಮ. ಅಂದರೆ ನಿಜವಾಗಿ ದೊಡ್ಡದು ಹಳೆಯ ಜಾಕ್‌ಪಾಟೇ. ಜಗತ್ತು ಕೊಂಡಾಡಿದ ದಾಖಲೆ ಮುರಿದದ್ದು ಕಾಗದದ ಮೇಲೆ ಮಾತ್ರ.

ಕಂತಿನ ಲೆಕ್ಕ ಇನ್ನೂ ಸ್ವಾರಸ್ಯಕರ. ಪ್ರತಿ ವರ್ಷದ ಕಂತು ಹಿಂದಿನದಕ್ಕಿಂತ ಶೇ 5ರಷ್ಟು ಹೆಚ್ಚು. 204 ಕೋಟಿಯನ್ನು ಹಾಗೆ ಪಡೆಯುವವರಿಗೆ ಮೊದಲ ವರ್ಷ ಸಿಗುವುದು ಸುಮಾರು 3.07 ಕೋಟಿ ಡಾಲರ್, ಕೊನೆಯ ವರ್ಷ ಸುಮಾರು 12.6 ಕೋಟಿ. 2051ರಲ್ಲಿ ಆ ಹಣಕ್ಕೆ ಏನು ಬೆಲೆಯಿರುತ್ತದೋ ಯಾರು ಬಲ್ಲರು? ಅಲ್ಟಡೀನಾದ ವಿಜೇತರು ನಗದನ್ನೇ ಆರಿಸಿಕೊಂಡರು. ಲಾಟರಿ ಬಹುಮಾನಕ್ಕೆ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ತೆರಿಗೆ ಇಲ್ಲ, ಆದರೆ ಕೇಂದ್ರದ ತೆರಿಗೆ ಗರಿಷ್ಠ ಶೇ 37. ಅದು ಹೋದ ಮೇಲೆ ಉಳಿಯುವುದು ಸುಮಾರು 63 ಕೋಟಿ, ಫಲಕದ ಮೊತ್ತದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ನ್ಯೂಯಾರ್ಕ್ ನಗರದವರಾಗಿದ್ದರೆ ರಾಜ್ಯದ್ದೊಂದು, ನಗರದ್ದೊಂದು ತೆರಿಗೆ ಸೇರಿ ಇನ್ನೂ ಇಳಿಯುತ್ತಿತ್ತು.

ಯುರೋಪಿನದು ಬೇರೆ ದಾರಿ. ಫ್ರಾನ್ಸ್, ಸ್ಪೇನ್, ಬ್ರಿಟನ್ ಸೇರಿ 2004ರಲ್ಲಿ ಶುರುಮಾಡಿದ ಯುರೋಮಿಲಿಯನ್ಸ್ ಜಾಕ್‌ಪಾಟ್‌ಗೆ ಮಿತಿಯಿದೆ: 25 ಕೋಟಿ ಯೂರೊ. ಅಮೆರಿಕದ ಮೊತ್ತಗಳ ಮುಂದೆ ಅದು ಸಣ್ಣದಾಗಿ ಕಾಣುತ್ತದೆ. ಆದರೆ ಪೂರ್ತಿ ಹಣ ಒಂದೇ ಸಲಕ್ಕೆ ಕೈಗೆ ಬರುತ್ತದೆ. 2025ರ ಜೂನ್‌ನಲ್ಲಿ ಐರ್ಲೆಂಡಿನ ಟಿಕೆಟ್‌ಗೆ ಈ ಗರಿಷ್ಠ ಮೊತ್ತ ಬಂದಾಗ ಅದಕ್ಕೆ ತೆರಿಗೆಯೂ ಇರಲಿಲ್ಲ. ಅಷ್ಟೇ ಹಣ ಕೈಗೆ ಸಿಗಬೇಕಾದರೆ 2022ರ ಲೆಕ್ಕದಲ್ಲಿ ಪವರ್‌ಬಾಲ್ ಫಲಕ 90 ಕೋಟಿ ಡಾಲರ್‌ಗೂ ಹೆಚ್ಚು ತೋರಿಸಬೇಕಿತ್ತು. ಅದೇ ಟಿಕೆಟ್ ಸ್ಪೇನಿನಲ್ಲಿ ಗೆದ್ದಿದ್ದರೆ, 40 ಸಾವಿರ ಯೂರೊ ಮೀರಿದ್ದಕ್ಕೆಲ್ಲ ಶೇ 20 ತೆರಿಗೆ ಬಿದ್ದು ಸುಮಾರು 5 ಕೋಟಿ ಯೂರೊ ಸರ್ಕಾರಕ್ಕೆ ಹೋಗುತ್ತಿತ್ತು. ಆಟ ಒಂದೇ, ಚೆಂಡುಗಳು ಅವೇ, ಗಡಿ ಮಾತ್ರ ಬೇರೆ. ಇಟಲಿಯ ಸೂಪರ್‌ಎನಲೊಟ್ಟೊ 2023ರ ಫೆಬ್ರವರಿಯಲ್ಲಿ 37.1 ಕೋಟಿ ಯೂರೊ ಕೊಟ್ಟಿತು, 62 ಕೋಟಿಯಲ್ಲಿ ಒಂದು ಎಂಬಷ್ಟು ದುರ್ಲಭ ಗೆಲುವು ಅದು. ಆ ಟಿಕೆಟನ್ನು 90 ಪಾಲು ಮಾಡಿ ಮಾರಲಾಗಿತ್ತು. ತೆರಿಗೆ ಕಳೆದು ಪ್ರತಿ ಪಾಲಿಗೆ ಬಂದದ್ದು ಸುಮಾರು 33 ಲಕ್ಷ ಯೂರೊ.

ಇನ್ನು ನಮ್ಮ ನೆರೆಯ ಕೇರಳ. ಅಲ್ಲಿ ಸರ್ಕಾರಿ ಲಾಟರಿ ಇಲಾಖೆ 1967ರಲ್ಲಿ ಹುಟ್ಟಿತು. 1968ರ ಜನವರಿ 26ರ ಮೊದಲ ಡ್ರಾದಲ್ಲಿ ಟಿಕೆಟ್‌ಗೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ. 2022ರ ಓಣಂ ಹಬ್ಬದ ತಿರುವೋಣಂ ಬಂಪರ್‌ಗೆ ಟಿಕೆಟ್ 500 ರೂಪಾಯಿ, ಬಹುಮಾನ 25 ಕೋಟಿ. ಇದರಲ್ಲಿ ಏಜೆಂಟರ ಕಮಿಷನ್ ಶೇ 10 ಹೋದರೆ 22.5 ಕೋಟಿ. ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ ಶೇ 30 ಹೋದರೆ 15.75 ಕೋಟಿ. ಆಮೇಲೆ ಆಗಿನ ದರದ ಸರ್‌ಚಾರ್ಜ್, ಸೆಸ್ ಕಟ್ಟಿದರೆ ಉಳಿಯುತ್ತಿದ್ದದ್ದು 12.88 ಕೋಟಿ. ಹಣ ಕೈಗೆ ಬಂದ ಮೇಲೆ ಕಟ್ಟಬೇಕಾದ ಈ ಕೊನೆಯ ಕಂತೇ ಅನೇಕರ ಅರಿವಿಗೆ ಬರುವುದಿಲ್ಲ, ಅಪಾಯ ಇರುವುದೂ ಅಲ್ಲೇ.

ಆದರೂ ಈ 12.88 ಕೋಟಿಯನ್ನು ವಿನಿಮಯ ದರದಲ್ಲಿ 16 ಲಕ್ಷ ಡಾಲರ್ ಎಂದು ಅಳೆದರೆ ಅನ್ಯಾಯ. ಅಕ್ಕಿ, ಬಾಡಿಗೆ, ಕೂಲಿ, ಶಾಲೆಯ ಶುಲ್ಕ ಎಲ್ಲವೂ ಅಗ್ಗವಿರುವ ನಾಡಿನಲ್ಲಿ ಅದರ ಕೊಳ್ಳುವ ಶಕ್ತಿ ಅದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಸಿಗುವ ಸಾಧ್ಯತೆಯೂ ಬೇರೆ. ಬಂಪರ್‌ನ ಮೊದಲ ಬಹುಮಾನ ಮಾರಾಟವಾದ ಟಿಕೆಟ್‌ಗಳಲ್ಲೊಂದಕ್ಕೆ ಬಂದೇ ತೀರಬೇಕು, ಮುಂದಕ್ಕೆ ಉರುಳುವಂತಿಲ್ಲ. ಆ ವರ್ಷ ಮಾರಾಟವಾದದ್ದು ಸುಮಾರು 66 ಲಕ್ಷ ಟಿಕೆಟ್. ಪವರ್‌ಬಾಲ್‌ನ 29 ಕೋಟಿಯ ಎದುರು ಇದು ಎಷ್ಟೋ ವಾಸಿ. ಹಾಗಿದ್ದೂ 500 ರೂಪಾಯಿಯ ಒಂದು ಟಿಕೆಟ್‌ಗೆ ಮೊದಲ ಬಹುಮಾನದಿಂದ ಸರಾಸರಿ ದಕ್ಕುವುದು 20 ರೂಪಾಯಿಗಿಂತ ಕಡಿಮೆ.

ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಆದರೂ 2024ರ ತಿರುವೋಣಂ ಬಂಪರ್ ಬಂದದ್ದು ವಯನಾಡಿನಲ್ಲಿ ಮಾರಾಟವಾದ ಟಿಕೆಟ್ ಹಿಡಿದಿದ್ದ ಕರ್ನಾಟಕದವರಿಗೇ. ಗಡಿ ದಾಟಿ ಟಿಕೆಟ್ ಕೊಳ್ಳುವ ಕನ್ನಡಿಗರಿಗೂ ಲೆಕ್ಕ ತಿಳಿಯುವ ಹಕ್ಕಿದೆ. 25 ಕೋಟಿ ಎಂದು ಅಚ್ಚಾಗುವ ಟಿಕೆಟ್‌ನ ಮೇಲೆ, ತೆರಿಗೆ ಕಮಿಷನ್ ಕಳೆದು ಕೈಗೆ ಬರುವ ಮೊತ್ತವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಕೇರಳ ಸರ್ಕಾರ ಇದನ್ನು ಮುಂದಿನ ಬಂಪರ್‌ನಿಂದಲೇ ಶುರುಮಾಡಲಿ.