ಮೋಟಾರ್‌ಸೈಕಲ್ ಚೈನ್ ನಿರ್ವಹಣೆ

ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಸಾಗಿಸುವ ಚೈನನ್ನು ಶುಚಿಗೊಳಿಸಿ, ಎಣ್ಣೆ ಹಾಕಿ, ಅದರ ಬಿಗಿಯನ್ನು ಸರಿಪಡಿಸುವ ಕೆಲಸಕ್ಕೆ ಚೈನ್ ನಿರ್ವಹಣೆ ಎನ್ನುತ್ತಾರೆ. ಹೊಸಬರು ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಕೆಲಸಗಳಲ್ಲಿ ಇದು ಮುಖ್ಯವಾದುದು. ತೀರ ಸಡಿಲವಾದ ಚೈನ್ ಓಡುವಾಗ ಕಳಚಿ ಗಾಲಿಯನ್ನು ಹಿಡಿದುಕೊಂಡರೆ ಸವಾರನು ಬೀಳುವ ಅಪಾಯವಿದೆ.

ಸುಮಾರು 500 ಕಿ.ಮೀ.ಗೊಮ್ಮೆ ಎಣ್ಣೆ ಹಾಕುವುದು ರೂಢಿ. ಆದರೆ ಬೆಳಗಾವಿ ಜಿಲ್ಲೆಯ ಅಥಣಿಯಂತಹ ಎರೆಮಣ್ಣಿನ ಸೀಮೆಯಲ್ಲಿ, ಮಳೆಗಾಲದಲ್ಲಿ ಕಬ್ಬಿನ ಹೊಲದ ದಾರಿ ಹಿಡಿಯುವ ವಾಹನಕ್ಕೆ ಈ ಲೆಕ್ಕ ಸಾಲದು. ಅಂಟಿದ ಕೆಸರು ಒಣಗಿ ಚೈನನ್ನು ಅರದಂತೆ ತೇಯುತ್ತದೆ.

ವಾಹನವನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಕೀಲಿಯನ್ನು ತೆಗೆದಿಡಬೇಕು. ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ಕೆಲಸ ಬೇಗ ಮುಗಿಯಲೆಂದು ಎಂಜಿನ್ ಚಾಲೂ ಇಟ್ಟು ಚೈನ್ ಒರೆಸುವವರುಂಟು. ಬಟ್ಟೆಯೊಡನೆ ಬೆರಳೂ ಹಲ್ಲುಚಕ್ರಕ್ಕೆ ಸಿಕ್ಕಿ ತುಂಡಾಗುವುದು ಹೀಗೆಯೇ. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಒರೆಸಿ, ಒಣಗಿದ ಮೇಲೆ ಚೈನಿನ ಒಳಬದಿಗೆ 90ರ ಗೇರ್ ಎಣ್ಣೆಯನ್ನು ಹನಿಸಬೇಕು. ಹಳ್ಳಿಗಳಲ್ಲಿ ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನೇ ಬಳಸುವುದುಂಟು. ಅದರಲ್ಲಿ ಲೋಹದ ಸೂಕ್ಷ್ಮ ಪುಡಿ ಇರುವುದರಿಂದ ಅದು ಉಳಿತಾಯವಲ್ಲ.

ಬಿಗಿಯನ್ನು ನೋಡಲು ಕೆಳಸಾಲಿನ ನಡುವೆ ಚೈನನ್ನು ಮೇಲೆ ಕೆಳಗೆ ಆಡಿಸಬೇಕು. ಸಾಮಾನ್ಯ ಬೈಕುಗಳಲ್ಲಿ 20ರಿಂದ 30 ಮಿ.ಮೀ. ಆಟ ಇರುತ್ತದೆ, ವಾಹನದ ಕೈಪಿಡಿಯಲ್ಲಿರುವ ಅಳತೆಯೇ ಪ್ರಮಾಣ. ಹೆಚ್ಚಿದ್ದರೆ ಹಿಂದಿನ ಆಕ್ಸಲ್ ನಟ್ಟನ್ನು ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಒಂದೇ ಗುರುತಿಗೆ ತರಬೇಕು; ತಪ್ಪಿದರೆ ಗಾಲಿ ಓರೆಯಾಗುತ್ತದೆ. ನಟ್ಟನ್ನು ಮರಳಿ ಬಿಗಿದ ಬಳಿಕ ಹಿಂದಿನ ಬ್ರೇಕನ್ನು ಪರೀಕ್ಷಿಸದೆ ರಸ್ತೆಗಿಳಿಯಬಾರದು.