ಸೇವಾ ಸಂಸ್ಥೆಗಳಲ್ಲಿ ಲೈಂಗಿಕ ದೌರ್ಜನ್ಯ: ಕಾನೂನಿನ ಹೊಣೆ ಯಾರದು?

ಸಂಬಳ ಪಡೆಯದೆ ದುಡಿಯುವ ಸ್ವಯಂಸೇವಕನ ತಪ್ಪಿಗೆ ಸಂಸ್ಥೆ ಹೊಣೆಯಾಗುತ್ತದೆಯೇ ಎಂಬ ಪ್ರಶ್ನೆಯನ್ನು ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂತಹ ಊರುಗಳ ಟ್ರಸ್ಟ್, ಮಹಿಳಾ ಮಂಡಳಿ, ಯುವಕ ಸಂಘಗಳು ಅಪರೂಪಕ್ಕೆ ಕೇಳಿಕೊಳ್ಳುತ್ತವೆ. ಸೇವೆಗೆಂದು ಬಂದವರನ್ನು ಅನುಮಾನಿಸಬಾರದೆಂಬ ಸಂಕೋಚ ಸಹಜವಾದರೂ ಕಾನೂನು ಅದಕ್ಕೆ ಮಣೆ ಹಾಕುವುದಿಲ್ಲ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು ಟ್ರಸ್ಟ್, ಸೊಸೈಟಿಗಳನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ, ಸ್ವಯಂಪ್ರೇರಣೆಯಿಂದ ದುಡಿಯುವವರನ್ನೂ ಉದ್ಯೋಗಿಗಳ ಸಾಲಿಗೇ ಸೇರಿಸುತ್ತದೆ. ಇದಕ್ಕೆ ಬುನಾದಿಯಾದ 1997ರ ವಿಶಾಖ ತೀರ್ಪಿನ ಹಿಂದೆ ಇದ್ದದ್ದು, ರಾಜಸ್ಥಾನದಲ್ಲಿ ಅಲ್ಪ ಗೌರವಧನಕ್ಕೆ ದುಡಿಯುತ್ತಾ ಬಾಲ್ಯವಿವಾಹ ತಡೆಯಲು ಹೋಗಿ ಅತ್ಯಾಚಾರಕ್ಕೊಳಗಾದ ಕಾರ್ಯಕರ್ತೆ ಭಂವರಿ ದೇವಿಯವರ ಪ್ರಕರಣ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ ದೂರು ವಿಚಾರಿಸುವ ಆಂತರಿಕ ಸಮಿತಿಯನ್ನು ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡವಿದೆ. ಅದಕ್ಕಿಂತ ಚಿಕ್ಕ ಸಂಘಗಳಲ್ಲಿ, ಅಥವಾ ಆರೋಪ ಮುಖ್ಯಸ್ಥನ ಮೇಲೇ ಇದ್ದಾಗ, ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಹಳ್ಳಿಯ ಮಹಿಳೆ ಅದಕ್ಕಾಗಿ ಚಿಕ್ಕಮಗಳೂರಿಗೆ ಅಲೆಯಬೇಕಿಲ್ಲ, ತಾಲ್ಲೂಕಿನ ನೋಡಲ್ ಅಧಿಕಾರಿಯೇ ದೂರನ್ನು ಪಡೆದು ಏಳು ದಿನಗಳೊಳಗೆ ಸಮಿತಿಗೆ ಕಳುಹಿಸಬೇಕೆಂದು ಕಾಯ್ದೆ ಹೇಳುತ್ತದೆ.

ಮಕ್ಕಳ ವಿಷಯದಲ್ಲಿ ಹೊಣೆ ಇನ್ನೂ ಕಠಿಣ. 2012ರ ಪೋಕ್ಸೊ ಕಾಯ್ದೆಯಂತೆ, ಮಗುವಿನ ಮೇಲೆ ದೌರ್ಜನ್ಯವಾಗಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಅಧೀನದಲ್ಲಿರುವವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಶಾಲಾ ಹಾಸ್ಟೆಲೊಂದರ ಬುಡಕಟ್ಟು ಬಾಲಕಿಯರ ಪ್ರಕರಣದಲ್ಲಿ, ವಿಷಯ ತಿಳಿದೂ ವರದಿ ಮಾಡಲಿಲ್ಲವೆಂಬ ಆರೋಪ ಹೊತ್ತ ವೈದ್ಯರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟ್ ರದ್ದುಪಡಿಸಿದಾಗ, ಸುಪ್ರೀಂ ಕೋರ್ಟ್ 2022ರ ನವೆಂಬರ್ 2ರಂದು ಆ ಆದೇಶವನ್ನು ತಳ್ಳಿಹಾಕಿ, ಇಂತಹ ಮೌನ ಗಂಭೀರ ಅಪರಾಧವೆಂದಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ನೆರೆಯ ಚಿತ್ರದುರ್ಗದ ಮುರುಘಾ ಮಠದ ವಿದ್ಯಾರ್ಥಿನಿಲಯದ ಬಾಲಕಿಯರ ದೂರು ಮೈಸೂರಿನ ಒಡನಾಡಿ ಸಂಸ್ಥೆಯ ನೆರವಿನಿಂದ ದಾಖಲಾಯಿತು. 2025ರ ನವೆಂಬರ್‌ನಲ್ಲಿ ನ್ಯಾಯಾಲಯ ಮಠಾಧೀಶರನ್ನೂ ಸಹ ಆರೋಪಿಗಳನ್ನೂ ಖುಲಾಸೆಗೊಳಿಸಿದೆ. ತೀರ್ಪು ಏನೇ ಇರಲಿ, ಹಾಸ್ಟೆಲಿನ ಮಗು ತನ್ನ ಮಾತು ಕೇಳುವವರನ್ನು ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾಗಿ ಬರುವುದು ಆಡಳಿತ ಮಂಡಳಿಗಳೆಲ್ಲ ಯೋಚಿಸಬೇಕಾದ ಸಂಗತಿ.

ಪರಿಹಾರದ ಹಣವನ್ನು ಯಾರು ಕೊಡಬೇಕೆಂಬಲ್ಲಿ ನಮ್ಮ ವ್ಯವಸ್ಥೆ ಹಿಂದಿದೆ. ನೌಕರನ ತಪ್ಪಿಗೆ ಒಡೆಯನೂ ಹೊಣೆ ಎಂಬ ಪರೋಕ್ಷ ಹೊಣೆಯ ತತ್ವವನ್ನು ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲಿ ಲಾಭರಹಿತ ಮಕ್ಕಳ ಸಂಸ್ಥೆಯೊಂದಕ್ಕೂ ಅನ್ವಯಿಸಿ, ಧರ್ಮಕಾರ್ಯವೆಂಬ ಕಾರಣಕ್ಕೆ ವಿನಾಯಿತಿ ಕೊಡಲು ನಿರಾಕರಿಸಿತು. ನಮ್ಮಲ್ಲಿ ಪೋಕ್ಸೊ ನಿಯಮಗಳಂತೆ ವಿಶೇಷ ನ್ಯಾಯಾಲಯ ವಿಧಿಸುವ ಪರಿಹಾರವನ್ನು ರಾಜ್ಯ ಸರ್ಕಾರ ಭರಿಸುತ್ತದೆ. ಮಗುವನ್ನು ತನ್ನ ಆಶ್ರಯಕ್ಕೆ ಪಡೆದುಕೊಂಡ ಸಂಸ್ಥೆಯ ಖಜಾನೆಯೇ ಮೊದಲು ತೆರೆಯುವಂತೆ ನಿಯಮ ಬದಲಾಗಬೇಕು.